ಹೆಬ್ಬೆರಳಿಲ್ಲದ ಕೈಗವಸು

ಒಲೆ ಬಾಗಿಲು ಮುಚ್ಚಿ ಹತ್ತಿರ ಬನ್ನಿ. ಕೈಯಲ್ಲಿ ಹೆಣಿಗೆ ಇರೋರು ಹೆಣೀತಾನೇ ಇರಿ... ನಿಲ್ಲಿಸಬೇಡಿ. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ. ಇದು ಯಾರೋ ಎಲ್ಲೋ ಕೇಳಿ ಬಂದು ಹೇಳಿದ್ದಲ್ಲ. ನಮ್ಮ ಚಿಕ್ಕಪ್ಪನ ಮಗಳು ಜೆಲ್ಮಾಗೇ ಆಗಿದ್ದು, ಲಾಜ್ದಾಸ್ ಅಂತ ಕರೆಯೋ ಹಳೇ ಮನೇಲಿ. ಯಾರಾದ್ರೂ ಕಿಸಕ್ ಅಂದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ಈಗಲೇ ಹೇಳಿದೀನಿ.

ಅವತ್ತು ಜೆಲ್ಮಾ ಟೆಕ್ಲಾ ಅಜ್ಜಿ ಮನೆಯಿಂದ ಕಿಟಕಿಗೆ ಮೆತ್ತೋ ಅಂಟುಮಣ್ಣು ಇಸ್ಕೊಂಡು ವಾಪಸ್ ಬರ್ತಿದ್ಲು. ಟೆಕ್ಲಾ ಅಜ್ಜಿದು ಪಕ್ಕದ ಮನೆ ಅನ್ನೋದು ಹೆಸರಿಗಷ್ಟೆ, ನಡುವೆ ಒಂದು ಹೊಲ, ಒಂದು ಬರ್ಚ್ ಮರದ ತೋಪು. ನಮ್ಮ ಲಾಟ್ವಿಯಾದ ಚಳಿಗಾಲ ಗೊತ್ತಲ್ಲ, ಮಧ್ಯಾಹ್ನ ಉಂಡು ಕೈ ತೊಳೆಯೋಷ್ಟರಲ್ಲಿ ಕತ್ತಲು. ದಿನ ತುಂಬ್ತಾ ಬಂದ ಬಸುರಿ ಬೇರೆ. ಮೊಣಕಾಲುದ್ದ ಹಿಮದಲ್ಲಿ ಕಾಲು ಕಿತ್ತು ಕಿತ್ತು ಇಡ್ತಾ ಬಂದ್ಲು. ಅಂಗಳದ ಬಾವಿ ಹತ್ರ ಉಸಿರು ತಗೊಳ್ಳೋಣ ಅಂತ ನಿಂತ್ಲು.

ಪಚ್...

ಒದ್ದೆ ಅಂಗೈಯನ್ನ ಕಲ್ಲಿಗೆ ಬಡಿದ ಹಾಗೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ...

ದುಪ್.

ಇದು ಮೆತ್ತಗೆ. ಉಣ್ಣೆ ಸುತ್ತಿದ ಕೈ ಬಡಿದ ಹಾಗೆ. ಜೆಲ್ಮಾ ಕಂದೀಲು ಎತ್ತಿ ಬಾವಿಯೊಳಗೆ ಬಗ್ಗಿ ನೋಡಿದ್ಲು. ಮಂಜುಗಡ್ಡೆ ಕಟ್ಟಿತ್ತು, ಬಕೆಟ್ಟು ಅದರಲ್ಲೇ ಕಚ್ಕೊಂಡು ಕೂತಿತ್ತು. ಅಲ್ಲಿ ಯಾವ ಸದ್ದೂ ಇಲ್ಲ. ಪಚ್... ದುಪ್... ಪಚ್... ಆಗ ಗೊತ್ತಾಯ್ತು. ಸದ್ದು ಬರ್ತಿದ್ದಿದ್ದು ಅವಳ ಬೆನ್ನ ಹಿಂದಿಂದ. ಮನೆಯಿಂದ. ಮನೇಲಿ ಯಾರೂ ಇರ್ಲಿಲ್ಲ, ಗಂಡ ವೋಲ್ಡಿಸ್ ಸೌದೆಗೆ ಹೋಗಿದ್ದ.

ಈಗ ಸ್ವಲ್ಪ ಹಿಂದಕ್ಕೆ ಹೋಗ್ಬೇಕು, ಇಲ್ಲದಿದ್ರೆ ಅವಳ ಎದೆ ಯಾಕೆ ಧಸಕ್ ಅಂತು ಅಂತ ನಿಮಗೆ ತಿಳಿಯಲ್ಲ.

ಅದರ ಹಿಂದಿನ ಚಳಿಗಾಲ ಗಂಡ ಹೆಂಡ್ತಿ ಗುಲ್ಬೆನೆ ಪೇಟೇಲಿ ಒಂದು ಬಾಡಿಗೆ ಕೋಣೇಲಿದ್ರು. ಗೋಡೆ ಒಳಗಡೆಯಿಂದಲೇ ಹಿಮ ಕಟ್ತಿತ್ತು. ಅಲ್ಲೇ ಮೊದಲ ಮಗು ಹೋಯ್ತು, ಎಳೆ ಹೆಣ್ಣುಕೂಸು. ಅದರ ಪುಟ್ಟ ಕೈಯನ್ನ ಜೆಲ್ಮಾ ತನ್ನ ಬಾಯೊಳಗಿಟ್ಟು ಬಿಸಿ ಮಾಡೋಕೆ ನೋಡಿದ್ಲಂತೆ... ಬಿಸಿ ಆಗ್ಲಿಲ್ಲ. ಅವತ್ತಿಂದ ಅವಳಿಗೆ ಒಂದೇ ಜಪ. ಇನ್ನೊಂದು ಮಗು ಆದ್ರೆ ಅದರ ಕೈ ತಣ್ಣಗಾಗಬಾರದು.

ಅದಕ್ಕೇ ಲಾಜ್ದಾಸ್‌ಗೆ ಬಂದಿದ್ದು. ಹಳೇ ದಿಮ್ಮಿ ಗೋಡೆಯ ಮನೆ, ಬಹಳ ಕಾಲ ಪಾಳು ಬಿದ್ದಿತ್ತು. ಮೊದಲ ಹಿಮ ಬಿದ್ದಾಗ ಶುರು ಮಾಡಿದ ಕೆಲಸ ಮುಗಿಯೋದೇ ಇಲ್ಲ ಅನ್ನೋ ಹಾಗಿತ್ತು. ಹಗಲೆಲ್ಲಾ ವೋಲ್ಡಿಸ್ ಒಲೆ ಬಿಚ್ಚಿ ಇಟ್ಟಿಗೆ ಇಟ್ಟಿಗೆಯಾಗಿ ಮತ್ತೆ ಕಟ್ಟೋನು, ಜೆಲ್ಮಾ ದಿಮ್ಮಿಗಳ ಸಂದಿಗೆ ಒಣಗಿದ ಪಾಚಿ ತುರುಕೋಳು. ಕತ್ತಲಾದ್ರೆ ಅವನಿಗೆ ಚಮಚ ಕೆತ್ತೋ ಕೆಲಸ, ಅವಳಿಗೆ ಹೆಣಿಗೆ.

ಆಮೇಲೆ ಅಡುಗೆಮನೆ ನೆಲ. ಹಲಗೆ ಎಲ್ಲಾ ಲಡ್ಡು ಹಿಡಿದಿತ್ತು. ಕಿತ್ತು ನೋಡಿದ್ರೆ ಕೆಳಗೆ ದುಂಡಗೆ ಕಲ್ಲುಕಟ್ಟು... ಬಾವಿ! ಯಾವ ಕಾಲದಲ್ಲೋ ಅದರ ಮೇಲೇ ಮನೆ ಬೆಳೆಸಿಬಿಟ್ಟಿದ್ದಾರೆ. ಬಾಯಿಗೆ ಒಂದು ಚಪ್ಪಡಿ ಅಡ್ಡ ಇಟ್ಟಿದ್ರು, ಅದೂ ಅರ್ಧ ಸೀಳಿತ್ತು.

"ನೋಡೇ, ಒಲೆ ಮುಂದೇನೇ ನೀರು! ರಾಣಿ ಥರ ಕೂತಲ್ಲೇ ಸೇದ್ಕೋ," ಅಂತ ವೋಲ್ಡಿಸ್ ನಕ್ಕ.

ಅಷ್ಟು ಹೊತ್ತಿಗೆ ರೈ ಹಿಟ್ಟಿನ ರೊಟ್ಟಿ ಕೊಡೋಕೆ ಬಂದಿದ್ದ ಟೆಕ್ಲಾ ಅಜ್ಜಿ ನಗ್ಲಿಲ್ಲ. "ಈ ಮನೆಗೆ ಕಾಲಿಟ್ಟಾಗ ಎಲ್ಲೆಲ್ಲಿ ಕೈಗವಸು ಇಟ್ಟೆ, ಮಗಳೇ?"

"ಹೊಸ್ತಿಲಿಗೆ ಒಂದು ಜೊತೆ, ಒಲೆಗೆ, ಕೊಟ್ಟಿಗೆಗೆ, ಅಂಗಳದ ಬಾವಿಗೆ. ಎಲ್ಲಾ ಪದ್ಧತಿ ಪ್ರಕಾರ, ಮನೆ ಕಾಯೋರಿಗೆ ಕಾಣಿಕೆ ಅಂತ ಇಟ್ಟಿದೀನಿ ಅಜ್ಜಿ."

"ಇದಕ್ಕೆ?"

"ಇದೊಂದು ಇದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲವಲ್ಲ."

"ನೀನು ಬಂದಿರೋದು ಅದಕ್ಕೆ ಗೊತ್ತಲ್ಲ," ಅಂದ್ಲು ಅಜ್ಜಿ, ದನಿ ಇಳಿಸಿ. "ಮೊಳೆ ಹೊಡೆಯೋಕೆ ಮುಂಚೆ ಒಂದು ಜೊತೆ ಇಡು. ಇರೋದ್ರಲ್ಲಿ ಒಳ್ಳೇದು ಇಡು."

ಜೆಲ್ಮಾ ತನ್ನ ಪೆಟ್ಟಿಗೆಯಿಂದ ಕೆಂಪು ಜೊತೆ ತೆಗೆದ್ಲು. ನಮ್ಮ ಕೈಗವಸು ನೋಡಿದೀರಲ್ಲ, ಹೆಬ್ಬೆರಳಿಗೆ ಒಂದು ಗೂಡು, ಉಳಿದ ನಾಲ್ಕಕ್ಕೂ ಸೇರಿ ಒಂದು ಚೀಲ. ಚಪ್ಪಡಿ ಮೇಲೆ ಇಟ್ಲು. ವೋಲ್ಡಿಸ್ ಹೊಸ ಪೈನ್ ಹಲಗೆ ಹಾಸಿ ಮೊಳೆ ಜಡಿದ. ಒಲೆ ಪಕ್ಕದ ಒಂದು ಹಲಗೆಗೆ ಮಾತ್ರ ಒಂದೇ ಒಂದು ಮೊಳೆ, ಮರ ಒಣಗಿದ ಮೇಲೆ ಪೂರ್ತಿ ಹೊಡೆಯೋಣ ಅಂತ.

ಅಲ್ಲಿಗೆ ಮುಗೀಬೇಕಿತ್ತು. ಆದರೆ ಕ್ರಿಸ್‌ಮಸ್ ಆದ ಮೇಲೆ ಹಿಮ ಹಿಡ್ಕೊಂಡಿದ್ದು ಬಿಡಲೇ ಇಲ್ಲ. ಪೇಟೆ ದಾರಿ ಮುಚ್ಚಿಹೋಯ್ತು. ಮಗುಗೆ ಟೋಪಿ ಆಯ್ತು, ಕಾಲ್ಚೀಲ ಆಯ್ತು, ಉಣ್ಣೆ ಮುಗೀತು. ಪುಟ್ಟ ಕೈಗವಸು ಮಾತ್ರ ಬಾಕಿ. ಅದೇ ಬಾಕಿ, ನೋಡಿ! ಜೆಲ್ಮಾಗೆ ರಾತ್ರಿ ನಿದ್ದೆ ಬರೋದಿಲ್ಲ. ಕಣ್ಣು ಮುಚ್ಚಿದ್ರೆ ಬಾಯಲ್ಲಿ ಆ ತಣ್ಣನೆ ಬೆರಳುಗಳು. ನೆಲದ ಕೆಳಗೆ ಅಷ್ಟು ಒಳ್ಳೇ ಉಣ್ಣೆ ಸುಮ್ಮನೆ ಕೊಳೀತಾ ಬಿದ್ದಿದೆಯಲ್ಲ ಅನ್ನಿಸ್ತು. ಎರಡೂ ತಗೊಂಡ್ರೆ ತಪ್ಪು... ಒಂದು ತಗೊಂಡ್ರೆ ಏನಂತೆ?

ಹಲಗೆ ಮೀಟಿ ಎಡಗೈದು ತಗೊಂಡ್ಲು, ಮೊಳೆ ಮತ್ತೆ ಹೊಡೆದ್ಲು. ಬಿಚ್ಚಿದ್ಲು. ಎರಡು ಪುಟಾಣಿ ಕೈಗವಸು ಹೆಣೆದ್ಲು. ಕೂಸಿನ ಕೈಗವಸಿಗೆ ಹೆಬ್ಬೆರಳು ಬೇಡವಲ್ಲ, ಆ ಉಣ್ಣೆ ಮಿಕ್ಕಿತು. ಅದನ್ನ ಗಾಳಿ ನುಗ್ತಿದ್ದ ಕಿಟಕಿ ಸಂದಿಗೆ ತುರುಕಿ, ಅದರ ಮೇಲೆ ಮೆತ್ತೋಕೆ ಅಂಟುಮಣ್ಣು ಬೇಕು ಅಂತ ಟೆಕ್ಲಾ ಅಜ್ಜಿ ಮನೆಗೆ ಹೋಗಿದ್ಲು. ವಾಪಸ್ ಬರೋವಾಗಲೇ ಆ ಸದ್ದು.

ಒಂದು ಕೈಗೆ ಗವಸು ಇದೆ. ಇನ್ನೊಂದು ಬರಿಗೈ. ದುಪ್... ಪಚ್... ಅರ್ಥ ಆಯ್ತಾ? ಯಾರೋ ಅಡುಗೆಮನೆ ಬಾವಿಯ ಕಲ್ಲು ಹಿಡ್ಕೊಂಡು ಮೇಲಕ್ಕೆ ಹತ್ತುತಾ ಇದ್ದಾರೆ.

ಮನೆಯೊಳಗೆ ಕಾಲಿಟ್ಟಾಗ ಸದ್ದು ನಿಂತಿತ್ತು. ಬೆಳಿಗ್ಗೆ ಬಿಸಿಲು ಕಂಡಾಗ ತನ್ನದೇ ಭ್ರಮೆ ಅಂದ್ಕೊಂಡು ಕಿಟಕಿಗೆ ಅಂಟುಮಣ್ಣು ಮೆತ್ತಿದ್ಲು. ಅದು ಕಲ್ಲಿನ ಥರ ಗಟ್ಟಿಯಾಯ್ತು. ಆ ರಾತ್ರಿ ಮತ್ತೆ ಕೇಳಿಸ್ತು. ಮರುದಿನ ಇನ್ನೂ ಸ್ವಲ್ಪ ಹತ್ತಿರದಿಂದ.

"ಕೇಳಿಸ್ತಾ?" ಅಂತ ಗಂಡನ್ನ ಅಲ್ಲಾಡಿಸಿ ಎಬ್ಬಿಸಿದ್ಲು.

"ಹೊಸ ಮರ ಕಣೇ... ಒಣಗೋವಾಗ ಸದ್ದು ಮಾಡುತ್ತೆ. ಮಲ್ಕೋ."

"ಮರ ಒದ್ದೆ ಕೈಯಲ್ಲಿ ಬಡಿಯುತ್ತಾ, ವೋಲ್ಡಿಸ್?"

ಅವನು ಮಗ್ಗುಲು ಬದಲಿಸಿದ. ಆದರೆ ಆಮೇಲೆ ಅವನಿಗೂ ನಿದ್ದೆ ಹತ್ತಲಿಲ್ಲ ಅಂತ ಎಷ್ಟೋ ವರ್ಷ ಆದ ಮೇಲೆ ಒಪ್ಕೊಂಡ.

ಜೆಲ್ಮಾ ಟೆಕ್ಲಾ ಅಜ್ಜಿ ಹತ್ರ ಓಡಿದ್ಲು. ಅಜ್ಜಿ ಹಗಲು ಹೊತ್ತಲ್ಲೂ ಬಾಗಿಲು ಹಾಕಿ ಪಿಸುಗುಟ್ಟಿದ್ಲು.

"ಎಷ್ಟು ತಗೊಂಡೆ?"

"ಒಂದು."

"ಅಯ್ಯೋ ಮಂಕೇ! ಕೊಟ್ಟಿದ್ದನ್ನ ಯಾರಾದ್ರೂ ಕಿತ್ಕೋತಾರೇನೇ? ವಾಪಸ್ ಕೊಡು. ಹೆರಿಗೆಗೆ ಮುಂಚೆ ಕೊಡು."

"ಇಲ್ಲದಿದ್ರೆ?"

"ಇಲ್ಲದಿದ್ರೆ ಆ ಉಣ್ಣೆ ಯಾರ ಕೈಯಲ್ಲಿರುತ್ತೋ... ಅದು ಆ ಕೈಯನ್ನೇ ಹುಡುಕ್ಕೊಂಡು ಬರುತ್ತೆ."

"ಅದು ಅಂದ್ರೆ ಯಾರು ಅಜ್ಜಿ?"

"ಸಾಕು, ಮನೆಗೆ ಹೋಗು."

ಹೋದ್ಲು. ಪುಟ್ಟ ಕೈಗವಸು ಕೈಗೆತ್ಕೊಂಡ್ಲು. ಬಿಚ್ಚೋಕೆ ಮನಸ್ಸು ಬರ್ಲಿಲ್ಲ. ನಾಳೆ ಬಿಚ್ಚೋಣ, ಹೆರಿಗೆಗೆ ಇನ್ನೂ ದಿನ ಇದೆಯಲ್ಲ... ಅಷ್ಟೇ. ಅವಳು ಮಾಡಿದ ದೊಡ್ಡ ತಪ್ಪು ಅದೇ, ಕದ್ದಿದ್ದಕ್ಕಿಂತ ದೊಡ್ಡದು.

ಆ ರಾತ್ರೀನೇ ನೋವು ಶುರುವಾಯ್ತು.

ಹೊರಗೆ ಬಿರುಗಾಳಿ. ವೋಲ್ಡಿಸ್ ಜಾರುಬಂಡಿಗೆ ಕುದುರೆ ಕಟ್ಟಿ, "ಸೂಲಗಿತ್ತೀನ ಕರ್ಕೊಂಡು ಬಂದೇಬಿಟ್ಟೆ, ಹಲ್ಲು ಕಚ್ಚಿ ಹಿಡ್ಕೋ," ಅಂತ ಹೇಳಿ ಹೊರಟ. ಕುದುರೆ ಗೆಜ್ಜೆ ದೂರ ಆಯ್ತು. ಗಿಲ್... ಗಿಲ್... ಇಲ್ಲ. ಆಮೇಲೆ ಗಾಳಿ ಮಾತ್ರ.

ಆಮೇಲೆ ನೆಲದ ಕೆಳಗೆ.

ದುಪ್.

ಪಚ್.

ಎಷ್ಟು ಹತ್ತಿರ ಅಂದ್ರೆ ಅಂಗಾಲಿಗೇ ತಾಕ್ತು. ಜೆಲ್ಮಾ ಪುಟ್ಟ ಕೈಗವಸುಗಳ ಕೊನೆ ಗಂಟು ಹಲ್ಲಲ್ಲಿ ಕಚ್ಚಿ ಕಿತ್ತು, ಸರಸರ ಎಳೆದು ಬಿಚ್ಚಿದ್ಲು. ಕಡ್ಡಿ ತಗೊಂಡು ಒಲೆ ಮುಂದೆ ಕೂತ್ಲು. ಹೆಣೆಯೋಕೆ ಶುರು ಮಾಡಿದ್ಲು. ಟಿಕ್ ಟಿಕ್ ಟಿಕ್ ಟಿಕ್...

ಕೆಳಗಿನ ಸದ್ದು ನಿಂತಿತು. ಕಿವಿಗೊಟ್ಟು ಕೇಳ್ತಿರೋ ಹಾಗೆ.

ನೋವು ಬಂತು. ಜೆಲ್ಮಾ ಹೊಟ್ಟೆ ಹಿಡ್ಕೊಂಡು ಬಗ್ಗಿದ್ಲು. ಕಡ್ಡಿ ನಿಂತ್ವು.

ಪಚ್. ಹಲಗೆಗೇ ಬಡೀತು. ಒಂದೇ ಒಂದು ಮೊಳೆ ಇತ್ತಲ್ಲ, ಅದು ಕಿರ್ರ್... ಅಂತ ಒಂದು ಕೂದಲೆಳೆಯಷ್ಟು ಮೇಲೆದ್ದಿತು.

"ತಾಳು..." ಜೆಲ್ಮಾ ಪಿಸುಗುಟ್ಟಿದ್ಲು. "ಹೆಣೀತಿದೀನಿ... ನಿಂದೇ ಹೆಣೀತಿದೀನಿ."

ಟಿಕ್ ಟಿಕ್ ಟಿಕ್. ಕೆಳಗೆ ಮೌನ. ಮತ್ತೆ ನೋವು. ಮತ್ತೆ ಕಿರ್ರ್... ನೋವು ಬಂದಾಗ ಕೈ ನಿಲ್ಲಿಸಬಾರದು ಅಂತ ತುಟಿ ಕಚ್ಚಿ ರಕ್ತ ಬರಿಸ್ಕೊಂಡ್ಲು, ಆದ್ರೂ ಕೈ ನಿಲ್ಲಿಸಲಿಲ್ಲ. ಹೆಂಗಸರೇ, ನಿಮಗೆ ಗೊತ್ತಲ್ಲ ಆ ನೋವು. ಅದರಲ್ಲಿ ಕೂತು ಕುಣಿಕೆ ತಪ್ಪದೆ ಹೆಣೆದ್ಲು ಅವಳು!

ಮಣಿಕಟ್ಟು ಆಯ್ತು. ಅಂಗೈ ಆಯ್ತು. ತುದಿ ಮುಚ್ಚಿದ್ಲು. ಹೆಬ್ಬೆರಳಿಗೆ ಬಿಟ್ಟ ತೂತು ಉಳೀತು... ಉಣ್ಣೆ ಉಳಿದಿರ್ಲಿಲ್ಲ. ಚಾಕು ತಗೊಂಡು ಕಿಟಕಿ ಸಂದಿ ಕೆದಕಿದ್ಲು. ಅಂಟುಮಣ್ಣು ಮಂಜಿಗೆ ಕಲ್ಲಾಗಿತ್ತು. ಚಾಕು ಮುರೀತು.

ಕಿರ್ರ್... ಟಣ್. ಮೊಳೆ ಕಿತ್ತುಬಂದು ಒಲೆ ಕಲ್ಲಿಗೆ ಬಡಿದು ಉರುಳಿತು.

ಹಲಗೆ ಒಂದು ಬೆರಳಷ್ಟು ಮೇಲೆದ್ದಿತ್ತು. ಸಂದಿಯಿಂದ ತಣ್ಣನೆ ಗಾಳಿ, ಹಳೇ ನೀರಿನ ವಾಸನೆ. ಜೆಲ್ಮಾ ಮಂಡಿಯೂರಿ, ಕಣ್ಣು ಬಿಗಿಯಾಗಿ ಮುಚ್ಚಿ, ಕೈಗವಸನ್ನ ಸಂದಿಯೊಳಗೆ ಇಳಿಬಿಟ್ಲು. ಯಾರೋ ತಗೊಂಡ್ರು. ಎಳೀಲಿಲ್ಲ, ಕಿತ್ಕೊಳ್ಳಲಿಲ್ಲ. ಮೆಲ್ಲಗೆ ತಗೊಂಡ್ರು. ಉಣ್ಣೆ ಕೈಗೆ ಏರಿಸ್ಕೊಳ್ಳೋ ಸರಬರ ಸದ್ದು... ಆಮೇಲೆ ಒಂದು ಪಿಸುಮಾತು. ಗಂಡೋ ಹೆಣ್ಣೋ ಗೊತ್ತಾಗ್ಲಿಲ್ಲವಂತೆ.

"ಹೆಬ್ಬೆರಳು?"

"ಉಣ್ಣೆ... ಉಣ್ಣೆ ಮುಗೀತು," ಜೆಲ್ಮಾ ಅತ್ತುಬಿಟ್ಲು. "ಹಿಮ ಕರಗ್ಲಿ, ಕೊಡ್ತೀನಿ. ನನ್ನ ಮಗೂನ ಮುಟ್ಟಬೇಡ. ಕೈ ಮುಗೀತೀನಿ, ಮುಟ್ಟಬೇಡ."

ಹಲಗೆ ತಾನಾಗೇ ಕೂತ್ಕೊಂಡಿತು. ಆಮೇಲೆ ದುಪ್... ದುಪ್... ದುಪ್... ಎರಡೂ ಮೆತ್ತಗೆ. ಇಳೀತಾ, ದೂರ ಆಗ್ತಾ.

ಸೂಲಗಿತ್ತಿ ಬರೋ ಹೊತ್ತಿಗೆ ಬೆಳಕಾಗ್ತಿತ್ತು. ಗಂಡು ಮಗು, ದುಂಡು ದುಂಡಗೆ, ಮನೆ ಕಿತ್ತುಹೋಗೋ ಹಾಗೆ ಅಳ್ತಾ ಬಂತು. ಜೆಲ್ಮಾ ಮೊದಲು ಮುಟ್ಟಿದ್ದು ಕೈಯನ್ನ. ಬಲಗೈ ಬೆಚ್ಚಗೆ. ಎಡಗೈ ಬೆಚ್ಚಗೆ. ಬೆರಳು ಒಂದೊಂದಾಗಿ ಬಿಡಿಸಿ ನೋಡಿದ್ಲು, ಎಲ್ಲಾ ಬೆಚ್ಚಗೆ.

ಎಡಗೈ ಹೆಬ್ಬೆರಳು ಒಂದು ಬಿಟ್ಟು.

ಬಾಯಲ್ಲಿಟ್ಕೊಂಡ್ಲು. ಒಲೆ ಹತ್ರ ಹಿಡಿದ್ಲು. ಬಿಸಿ ಆಗ್ಲಿಲ್ಲ. ನೀಲಿಗಟ್ಟಲೂ ಇಲ್ಲ, ಕೂಸು ಚೆನ್ನಾಗೇ ಆಡಿಸ್ತಿತ್ತು ಅದನ್ನ. ತಣ್ಣಗಿತ್ತು, ಅಷ್ಟೇ. ಬಾವಿ ನೀರಿನಷ್ಟು.

ಹಿಮ ಕರಗಿತು. ಅಂಟುಮಣ್ಣು ಮೆತ್ತಗಾಯ್ತು. ಜೆಲ್ಮಾ ಕೊಟ್ಟ ಮಾತು ಮರೀಲಿಲ್ಲ. ಸಂದಿಯಿಂದ ಕೆಂಪು ಉಣ್ಣೆ ಎಳೆದು, ತೊಳೆದು, ಒಂದು ಹೆಬ್ಬೆರಳು ಹೆಣೆದು ಹಲಗೆ ಕೆಳಗೆ ಇಟ್ಲು. ಬೆಳಿಗ್ಗೆ ನೋಡಿದ್ರೆ ಅದು ಹೊಸ್ತಿಲ ಮೇಲಿತ್ತು, ಒದ್ದೆಯಾಗಿ. ಮತ್ತೆ ಇಟ್ಲು. ಮತ್ತೆ ಹೊಸ್ತಿಲ ಮೇಲೆ.

ಮೂರನೇ ಸಲ ಇಡೋಕೆ ಹೋದಾಗ ಟೆಕ್ಲಾ ಅಜ್ಜಿ ಕೈ ಹಿಡಿದು ತಡೆದ್ಲು. "ಬಿಡು ಮಗಳೇ. ಅದಕ್ಕೆ ಇನ್ನು ಬೇಡ," ಅಂದ್ಲು.

ತನಗೆ ಬಾಕಿಯಿದ್ದ ಬಿಸೀನ ಅದು ಆಗಲೇ ತಗೊಂಡಾಗಿದೆ ಅಂತ ಜೆಲ್ಮಾಗೆ ಹೊಳೀತು. ತೊಟ್ಟಿಲ ಹತ್ರ ಹೋಗಿ ಮಗೂನ ಎತ್ಕೊಂಡ್ಲು.

ನಂಬೋದಿಲ್ವಾ? ನಂಬಬೇಡಿ. ನಾನು ಒಂದಕ್ಷರ ಸೇರಿಸಿ ಹೇಳಿದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ. ಆ ಕೂಸೇ ನಮ್ಮ ಟಾಲಿಸ್. ಹೌದು, ಹಾಲಿನ ಡೈರಿ ಟಾಲಿಸ್, ಎಡಗೈ ಯಾವಾಗಲೂ ಜೇಬಲ್ಲಿ ಇಟ್ಕೊಂಡಿರ್ತಾನಲ್ಲ, ಅವನೇ. ಹೋದ ಜೂನ್‌ನಲ್ಲಿ ಬೆಂಕಿ ಹಬ್ಬದ ರಾತ್ರಿ ನನ್ನ ಪಕ್ಕದಲ್ಲೇ ಕೂತಿದ್ದ. ಸೆಕೆ, ಎದುರಿಗೆ ಬೆಂಕಿ. ಬಿಯರ್ ಹಾಕೋಣ ಅಂತ ಗಾಜಿನ ಲೋಟ ಮುಂದೆ ಹಿಡಿದೆ. ಅವನು ಮಾತಿನ ಭರದಲ್ಲಿ ಎಡಗೈ ತೆಗೆದು ಖಾಲಿ ಲೋಟ ಹಿಡ್ಕೊಂಡ, ಆಮೇಲೆ ಜ್ಞಾಪಕ ಬಂದು ಗಬಕ್ಕನೆ ನನಗೇ ವಾಪಸ್ ಕೊಟ್ಟ.

ಖಾಲಿ ಲೋಟ. ಒಣಗಿದ ಲೋಟ. ಹೆಬ್ಬೆರಳು ಇದ್ದ ಜಾಗದಲ್ಲಿ ಮಾತ್ರ ಗಾಜು ಬೆವರಿತ್ತು. ನಾನೇ ನನ್ನ ಲಂಗದ ಅಂಚಲ್ಲಿ ಒರೆಸಿ ಬೆಂಚಿನ ಮೇಲಿಟ್ಟೆ.