ಅಕ್ಕನ ಕಾಲಿನ ಫೋಟೋ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಯಾರೋ ಒಬ್ಬ ಅಕ್ಕ, ಅವಳ ಫೋನು ಹಿಡಿದ ತಮ್ಮ. ಕೇಳಿಸಿಕೊಳ್ಳಬಾರದೆಂದರೂ ಕಿವಿ ಅತ್ತಲೇ ಇತ್ತು.

"ಡಾಕ್ಟ್ರಿಗೆ ಗಾಯದ ಫೋಟೋ ಕಳಿಸೋಕೆ ಹೋದ್ರೆ ನೀನು ಮಾಡ್ಕೊಟ್ಟ ಆ್ಯಪ್ ಮುಚ್ಕೊಂಡ್ಬಿಡತ್ತೆ. ನಾನೇ ಏನೋ ತಪ್ಪಾಗಿ ಒತ್ತಿರ್ಬೇಕು ಕಣೋ."

"ನಿನ್ನದಲ್ಲಕ್ಕ, ನನ್ನ ತಪ್ಪು. ಹಳೇ ಫೋಟೋಗಳನ್ನ ಉಗುರಷ್ಟು ಚಿಕ್ಕದಾಗಿ ತೋರ್ಸೋದಕ್ಕೂ ಆ್ಯಪ್ ಅವನ್ನೆಲ್ಲ ಪೂರ್ತಿ ಸೈಜಲ್ಲೇ ತುಂಬಿಸ್ತಿದೆ. ನಿನ್ನ ಫೋನಿನ ಮೆಮೊರಿ ತಡ್ಕೊಳಲ್ಲ."

"ಮಾಡೋವಾಗ ನೋಡ್ಲಿಲ್ವಾ?"

"ನನ್ನ ಫೋನಲ್ಲಿ ಮಾತ್ರ ನೋಡ್ದೆ. ಹೊಸದು, ಓಡ್ತು. ಹೀಗಾಗಿ ಎಷ್ಟು ದಿನ ಆಯ್ತು?"

"ಎರಡು ವಾರ."

"ಡಾಕ್ಟ್ರು ಕೇಳ್ಲಿಲ್ವಾ?"

"ಬೈದ್ರು. ಕಳಿಸೋಕೆ ಮರ್ತೆ ಅಂದೆ."

"ಆ್ಯಪ್ ಕೆಟ್ಟಿದೆ ಅನ್ಬಾರ್ದಿತ್ತಾ?"

"ನನ್ನ ತಮ್ಮ ಮಾಡಿದ್ದು ಅಂತ ಇಲ್ಲಿ ಎಲ್ಲರ ಹತ್ರಾನೂ ಹೇಳ್ಕೊಂಡಿದೀನಲ್ಲೋ."

ಒಳಗಿನಿಂದ ಕರೆ ಬಂತು. ಅಕ್ಕ ತಮ್ಮನ ಹೆಗಲು ಹಿಡಿದು ಎದ್ದಳು.

"ನಡಿ, ಇವತ್ತೂ ಮರ್ತೆ ಅಂತೀನಿ."