ಕಿಟಕಿಯ ಬಳಿ ಇಟ್ಟ ಪ್ಲೇಟು

“ಹಲೋ... ಯಾರು ಮಾತಾಡ್ತಿರೋದು? ನಮ್ಮ ಜೀರುಂಡೆ ಪುಟ್ಟಿನಾ? ಹಾಂ, ದೊಡ್ಡಮ್ಮ ಕಣೇ. ಎಲ್ಲಿದ್ದೀಯ?”

...

“ಮೈದಾನದಲ್ಲಾ? ಈ ಬಿಸಿಲಲ್ಲಾ?... ಹೌದು, ಆಡಬಹುದು ಅಂತ ನಾನೇ ಹೇಳಿದ್ದೆ. ನಾನೇ. ಅಮ್ಮ ಅಲ್ಲೇ ಇದ್ದಾಳಾ? ಅವಳಿಗೆ ಫೋನ್ ಕೊಡು, ಬೇಗ.”

ಪ್ರಯೋಗಾಲಯದ ಕಾರಿಡಾರಿನಲ್ಲಿ ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಕೈಯಲ್ಲಿದ್ದ ಯೀಸ್ಟ್ ಬೆಳೆಸುವ ಗಾಜಿನ ಪ್ಲೇಟು ಬೋಳಾಗಿತ್ತು. ಒಂದು ಚುಕ್ಕೆಯೂ ಎದ್ದಿರಲಿಲ್ಲ.

“ನಾನು ಕಣೇ, ಅಕ್ಕ. ಮಗೂನ ಒಳಗೆ ಕರಿ... ಸುಮ್ನೆ. ಬಿಸಿಲು ಜೋರಿದೆ ಅಂತ... ಹೂಂ, ಅಜ್ಜಿ ಥರಾನೇ ಆಡ್ತಿದ್ದೀನಿ. ನಗಬೇಡ.”

...

“ಎರಡು ವಾರದಿಂದ ದಿನಾ ಆಡ್ತಿದ್ದಾಳಾ?... ಮೂಗಿನ ಮೇಲೆ ಏನು? ಹೊಸ ಮಚ್ಚೆ? ಎಷ್ಟು?”

ಇನ್ನು ನುಣುಚಿಕೊಳ್ಳಲು ಜಾಗವಿರಲಿಲ್ಲ.

“ಕೇಳು. ಮಗೂಗೆ, ಬಿಸಿಲಿಗೆ ಕೆಟ್ಟ ಡಿಎನ್‌ಎ ರಿಪೇರಿ ಮಾಡೋ ಜೀನಲ್ಲಿ ಒಂದಕ್ಷರ ಬೇರೆ ಇದೆ, ಅಪಾಯವೋ ಅಲ್ವೋ ಗೊತ್ತಿಲ್ಲ ಅಂದಿದ್ರು ಡಾಕ್ಟರು, ಅಲ್ವಾ?... ಅದೇ ಜೀನು ಯೀಸ್ಟಿಗೂ ಇದೆ. ಕೋಟಿ ಕೋಟಿ ವರ್ಷ ಆದ್ರೂ ಹೆಚ್ಚುಕಮ್ಮಿ ಹಾಗೇ ಉಳಿದಿದೆ. ಅದರಲ್ಲೂ ಅದೇ ಅಕ್ಷರ ಬದಲಿಸಿ ಬಿಸಿಲಿನ ಥರ ಸುಡೋ ಯುವಿ ದೀಪ ತೋರಿಸಿದೆ. ಬದುಕಿತು. ಆ ನಿಮಿಷವೇ ನಿಂಗೆ ಫೋನ್ ಮಾಡಿ ಆಡಬಹುದು ಅಂದೆ.”

...

“ಸುಳ್ಳು ಹೇಳ್ಲಿಲ್ಲ ಕಣೇ, ಬದುಕಿದ್ದು ನಿಜ. ಆದ್ರೆ ದೀಪ ತೋರಿಸಿದ ಮೇಲೆ ಪ್ಲೇಟು ಕತ್ತಲಲ್ಲಿರಬೇಕು. ನಾನು ಕಿಟಕಿ ಹತ್ರ ಇಟ್ಟು ಊಟಕ್ಕೆ ಹೋದೆ... ಯಾಕಂದ್ರೆ, ಯೀಸ್ಟಿಗೆ ಇನ್ನೊಂದು ದಾರಿ ಇದೆ, ಬೆಳಕು ಸಿಕ್ರೆ ಅದರಿಂದಲೇ ರಿಪೇರಿ ಮಾಡ್ಕೊಳ್ಳುತ್ತೆ. ಆ ವಿದ್ಯೆ ಮನುಷ್ಯರಿಗಿಲ್ಲ. ನಿನ್ನ ಮಗಳಿಗೂ ಇಲ್ಲ.”

...

“ಹಾಂ... ಕತ್ತಲಲ್ಲಿಟ್ಟು ಮತ್ತೆ ಮಾಡ್ದೆ. ಮಾಮೂಲಿ ಯೀಸ್ಟು ಬದುಕಿತು, ಅಕ್ಷರ ಬದಲಿಸಿದ್ದು ಒಂದೂ ಉಳೀಲಿಲ್ಲ.”

ಇಪ್ಪತ್ತೆರಡು ವರ್ಷದಿಂದ ಪ್ರಯೋಗಾಲಯದ ಹೊಸಬರಿಗೆಲ್ಲ ಬೆಳಕು ತಾಗದಂತೆ ಪ್ಲೇಟಿಗೆ ಕಪ್ಪು ಕಾಗದ ಸುತ್ತುವುದನ್ನು ಕಲಿಸುತ್ತ ಬಂದವಳೇ ಅವಳು.

“ಗೊತ್ತಿತ್ತು. ಗೊತ್ತಿದ್ದೂ ಮರೆತೆ. ಇನ್ನೊಂದ್ಸಲ ಮಾಡಿ ನೋಡೋವರೆಗೂ ಬಾಯಿ ಮುಚ್ಕೊಂಡಿರಬೇಕಿತ್ತು. ನಿನ್ನ ಅಳು ನಿಲ್ಲಿಸೋ ಆತುರ ನಂಗೆ... ಬೈಯಿ. ಆಮೇಲೆ ಎಷ್ಟು ಬೇಕಾದ್ರೂ ಬೈಯಿ. ಈಗ ಅವಳನ್ನ ಕೂಗು!”

ಓಡುವ ಕಾಲಿನ ಸದ್ದು ಕೇಳಿತು. ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಸಿಕ್ಕಳಾ?... ತಲೆಗೆ, ಮುಖಕ್ಕೆ ಏನಾದ್ರೂ ಹೊದಿಸು. ನಾಳೇನೇ ಡಾಕ್ಟರ ಹತ್ರ ಹೋಗು, ನಾನೂ ಬಂದು ಹೇಳ್ತೀನಿ... ಅಳ್ತಿದ್ದಾಳಾ? ನೀನು ಕೆಟ್ಟವಳಾಗಬೇಡ. ಆಟ ಬಿಡಿಸಿದ್ದು ದೊಡ್ಡಮ್ಮ ಅಂತ ಹೇಳು. ಹಲೋ? ದೊಡ್ಡಮ್ಮನೇ ಅಂತ...”