ಅಜ್ಜಿಯ ಕಿರುಬೆರಳಿನ ನರ

ದೀಪ ಸ್ವಲ್ಪ ಸಣ್ಣದು ಮಾಡಿ. ಇದು ಕಟ್ಟುಕತೆಯಲ್ಲ, ನಮ್ಮ ಚಿಕ್ಕಮ್ಮನ ಮಗನಿಗೇ ಆದದ್ದು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಡುವೆ ನಗಬೇಡಿ, ಅಷ್ಟೆ.

ಅವತ್ತು ಅವನು ಕೆಲಸ ಮುಗಿಸಿ ಹೊರಟಾಗ ಹನ್ನೊಂದು ದಾಟಿತ್ತು. ಕಾಲೇಜಿನ ಹಿಂದಿನ ಗೇಟಿನಿಂದ ಮನೆಗೆ ಒಂದು ಒಳದಾರಿ. ಆ ದಾರಿಯಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ. ಅದರಲ್ಲಿ ನೀರು ಬತ್ತಿ ಎಷ್ಟೋ ವರ್ಷವಾಗಿತ್ತು. ಬಾವಿಯ ಹತ್ತಿರ ಬರುವಾಗ ಒಂದು ಸದ್ದು. ಚರ್ರ್... ಒದ್ದೆ ಬಟ್ಟೆ ಹಿಂಡಿದ ಸದ್ದು. ಆಮೇಲೆ ತೊಟ್... ತೊಟ್... ತೊಟ್.

ನಿಂತ. ಸದ್ದೂ ನಿಂತಿತು. ಎರಡು ಹೆಜ್ಜೆ ಇಟ್ಟ. ಚರ್ರ್... ಈ ಸಲ ಬೆನ್ನ ಹಿಂದೆ.

"ಯಾರದು?" ಅಂದ.

"ಒಣಗ್ತಾ ಇದೆಯಪ್ಪ..." ಮುದುಕಿಯ ಪಿಸುದನಿ, ಕಿವಿಯ ಪಕ್ಕದಲ್ಲೇ. "ಹೊದಿಸದೇ ಹೋಗ್ಬಿಟ್ಟೆಯಲ್ಲ."

ತಿರುಗಿ ನೋಡಿದರೆ ಯಾರೂ ಇಲ್ಲ. ಆ ಮಾತು ಯಾವುದರ ಬಗ್ಗೆ ಅಂತ ಈ ಭೂಮಿಯ ಮೇಲೆ ಅವನೊಬ್ಬನಿಗೇ ಗೊತ್ತಿದ್ದದ್ದು.

ಅವನ ಕೆಲಸ ಏನು ಅಂತ ಹೇಳದಿದ್ದರೆ ನಿಮಗೆ ತಲೆಬುಡ ಗೊತ್ತಾಗುವುದಿಲ್ಲ. ಡಾಕ್ಟರಿಕೆ ಕಲಿಸುವ ಕಾಲೇಜಿನಲ್ಲಿ ಹೆಣ ಕೊಯ್ದು ಪಾಠಕ್ಕೆ ಸಿದ್ಧಮಾಡುವ ಕೆಲಸ. ಮುಖ ಸಿಂಡರಿಸಬೇಡಿ, ಅಂಥವರಿಲ್ಲದೆ ನಿಮ್ಮ ಡಾಕ್ಟರುಗಳು ಎಲ್ಲಿಂದ ಬರಬೇಕು? ಅವನ ಕೈ ಎಷ್ಟು ನಾಜೂಕೆಂದರೆ, ಎಲ್ಲರೂ ಅವನನ್ನು ಸೂಜಿ ಅಂತಲೇ ಕರೆಯುತ್ತಿದ್ದರು. ವಿಭಾಗದ ಮೇಡಂ ಅದಕ್ಕೇ ಅವನಿಗೊಂದು ದೊಡ್ಡ ಕೆಲಸ ಒಪ್ಪಿಸಿದ್ದರು. ಒಂದು ದೇಹದ ಅಷ್ಟೂ ನರಗಳನ್ನು ಕಡಿಯದೆ ಬಿಡಿಸಿ ಕಪ್ಪು ಹಲಗೆಯ ಮೇಲೆ ಹರಡಬೇಕು. ಮೇಲೆ ಮಿದುಳು, ಕೆಳಗೆ ಕಿರುಬೆರಳ ದಪ್ಪದ ಬೆನ್ನುಹುರಿ, ಅದರಿಂದ ಎರಡೂ ಕಡೆಗೆ ಮೂವತ್ತೊಂದು ಜೊತೆ ಕವಲು. ಕೈಬೆರಳ ತುದಿಗೆ, ಕಾಲ್ಬೆರಳ ತುದಿಗೆ ಹೋಗುವಷ್ಟರಲ್ಲಿ ಕೂದಲಿಗಿಂತ ಸಣ್ಣ.

ದೇಹ ಒಬ್ಬ ಹೊಲಿಗೆ ಮುದುಕಿಯದು. ಬದುಕಿದ್ದಾಗಲೇ ಕಾಲೇಜಿಗೆ ಬರೆದುಕೊಟ್ಟಿದ್ದಳು. ಸೂಜಿ ಅವಳನ್ನು ಅಜ್ಜಿ ಅನ್ನುತ್ತಿದ್ದ. ಒಂದು ವರ್ಷ ಕೂತು ಬಿಡಿಸಿದ. ಬಿಡಿಸಿದ ನರಕ್ಕೆ ಗಾಳಿ ತಾಗಿದರೆ ಕೆಟ್ಟಿತು, ಒಣಗಿ ಪುಟಕ್ಕನೆ ಮುರಿಯುತ್ತದೆ. ಅದಕ್ಕೆ ಸಂಜೆ ಏಳುವಾಗ ಒದ್ದೆ ಬಟ್ಟೆ ಹಿಂಡಿ ಹೊದಿಸಿ, "ಬರ್ತೀನಜ್ಜಿ" ಅಂದೇ ಹೊರಡುತ್ತಿದ್ದ.

ಒಂದು ಸಂಜೆ ಹೆಂಡತಿಯ ಫೋನು ಬಂತು, ಮಗಳಿಗೆ ಮೈ ಸುಡುತ್ತಿದೆ ಅಂತ. ಐದು ವರ್ಷದ ಒಬ್ಬಳೇ ಮಗಳು. ಅರ್ಧ ಹೊದಿಸಿದ್ದ ಬಟ್ಟೆ ಹಾಗೇ ಬಿಟ್ಟು, ಎದ್ದೆನೋ ಬಿದ್ದೆನೋ ಅಂತ ಓಡಿದ. ಮುಂದಿನ ಎರಡು ದಿನ ರಜೆ. ಮೂರನೇ ದಿನ ಬಂದು ನೋಡಿದರೆ ಅಜ್ಜಿಯ ಬಲಗೈ ಬಯಲಿಗೆ ಬಿದ್ದಿತ್ತು. ಮೊಣಕೈ ಗೋಡೆಗೆ ತಾಗಿದರೆ ಕಿರುಬೆರಳ ತನಕ ಝುಂ ಅನ್ನುತ್ತದಲ್ಲ, ಆ ನರ. ಚಿಮಟದಿಂದ ಮುಟ್ಟಿದ. ಟಿಕ್. ಎರಡು ಬೆರಳಗಲ ಪುಡಿಯಾಗಿ ಉದುರಿತು.

ಒಂದು ವರ್ಷದ ಕೆಲಸ. ನಾಲ್ಕು ದಿನಕ್ಕೆ ತಪಾಸಣೆಯವರು ಬರುವವರಿದ್ದರು. ಹೇಳಲು ಬಾಯಿ ಬರಲಿಲ್ಲ ಅವನಿಗೆ. ರಾತ್ರಿ ಎಲ್ಲರೂ ಹೋದ ಮೇಲೆ ಬಿಳೀ ಹತ್ತಿ ದಾರ ತೆಗೆದು ಅಂಟು ಹಚ್ಚಿ, ಆ ಜಾಗಕ್ಕೆ ಕೂರಿಸಿದ. ಭೂತಗನ್ನಡಿ ಹಿಡಿದು ನೋಡಿದವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗದ ಹಾಗೆ. ಅದನ್ನು ಮುಗಿಸಿ ಮನೆಗೆ ಹೊರಟಾಗಲೇ ಬಾವಿಯ ಹತ್ತಿರ ಆ ಸದ್ದು.

ಬೆಳಗ್ಗೆ ಏಳುವಾಗ ಅವನ ಬಲಗೈಯ ಕಿರುಬೆರಳಿಗೂ ಉಂಗುರದ ಬೆರಳಿಗೂ ಸ್ಪರ್ಶವೇ ಇಲ್ಲ. ಚಿವುಟಿದ, ಸೂಜಿ ಚುಚ್ಚಿದ, ಬಿಸಿ ಲೋಟ ಒತ್ತಿದ... ಏನೂ ಇಲ್ಲ. ಡಾಕ್ಟರು ಮೊಣಕೈಗೆ ತಂತಿ ಅಂಟಿಸಿ ಕರೆಂಟು ಹರಿಸಿ ನೋಡಿದರು. ಯಂತ್ರದಲ್ಲಿ ಗೀಟುಗಳೆಲ್ಲ ಸರಿಯಾಗಿ ಬಂದವು. ನರ ಚೆನ್ನಾಗಿದೆ, ನೀವೇ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಅಂದರು. ಇನ್ನೂ ಇಬ್ಬರು ಡಾಕ್ಟರು ಅದನ್ನೇ ಹೇಳಿದರು. ಮೈಯೊಳಗಿನ ಒಂದೊಂದು ನರದ ದಾರಿಯನ್ನೂ ಕಣ್ಣುಮುಚ್ಚಿ ಹೇಳುವವನು, ತನ್ನ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದನೇನೋ. ಅವನ ಮಗಳು ರಸ್ತೆಯಲ್ಲಿ ನಡೆಯುವಾಗ ಯಾವಾಗಲೂ ಅವನ ಬಲಗೈಯ ಕಿರುಬೆರಳನ್ನೇ ಹಿಡಿಯುವುದು. ಹುಟ್ಟಿದಾಗಿನ ಅಭ್ಯಾಸ. ಒಂದು ದಿನ ಶಾಲೆಯಿಂದ ಕರೆತರುತ್ತಿದ್ದ, ಮಗು ಏನೋ ಹೇಳುತ್ತಿದೆ, ಇವನು ಹೂಂಗುಟ್ಟುತ್ತಿದ್ದಾನೆ. ಹಿಂದಿನಿಂದ ಬಸ್ಸಿನ ಬ್ರೇಕು ಕೀಂಯ್ ಅಂತು. ತಿರುಗಿದರೆ ಮಗು ನಡುರಸ್ತೆಯಲ್ಲಿ ಬಿದ್ದಿದೆ, ಚಕ್ರಕ್ಕೂ ಅದಕ್ಕೂ ಒಂದು ಗೇಣು. ಅದು ಬೆರಳು ಬಿಟ್ಟು ಎಷ್ಟು ಹೊತ್ತಾಗಿತ್ತೋ, ಅಪ್ಪನಿಗೆ ಗೊತ್ತೇ ಇಲ್ಲ.

ಮೊಣಕಾಲು ತರಚಿತ್ತು, ಅಷ್ಟೆ. ಆದರೆ ಮಗು ಕೇಳಿದ ಮಾತು ಅವನಿಗೆ ಇವತ್ತಿಗೂ ನಿದ್ದೆ ಕೊಡುವುದಿಲ್ಲ.

"ಅಪ್ಪಾ, ನಾನು ಕೈ ಬಿಟ್ಟಿದ್ದು ನಿಂಗೆ ಗೊತ್ತಾಗಲ್ವಾ?"

ಮಾರನೆಯ ದಿನವೇ ಮೇಡಂ ಹತ್ತಿರ ಹೋಗಿ ತಪ್ಪೊಪ್ಪಿಕೊಂಡ. ಕೆಲಸ ಹೋದರೂ ಸರಿ, ಆ ದಾರ ತೆಗೆದುಬಿಡುತ್ತೇನೆ ಅಂದ. ಹಲಗೆ ಆಗಲೇ ಗಾಜಿನ ಪೆಟ್ಟಿಗೆಯೊಳಗಿತ್ತು. ನರ ಒಣಗದ ಹಾಗೆ ತಿಂಗಳಿಗೊಮ್ಮೆ ಗ್ಲಿಸರಿನ್ ಸವರುತ್ತಾರೆ. ಅದು ಸಿಹಿ, ಇರುವೆ ಹತ್ತುತ್ತವೆ, ಅದಕ್ಕೆ ಪೆಟ್ಟಿಗೆಯ ನಾಲ್ಕು ಕಾಲಿಗೂ ನೀರಿನ ಬಟ್ಟಲು. ಮೇಡಂ ಬೀಗ ತೆಗೆದು ಭೂತಗನ್ನಡಿ ಹಿಡಿದು ಬಾಗಿದರು. ತುಂಬಾ ಹೊತ್ತು ನೋಡಿದರು.

"ಯಾವ ದಾರನಪ್ಪಾ? ನರ ಪೂರ್ತಿ ಇದೆಯಲ್ಲ."

ಇವನೂ ನೋಡಿದ. ದಾರವಿಲ್ಲ, ಅಂಟಿಲ್ಲ. ಭುಜದಿಂದ ಕಿರುಬೆರಳ ತನಕ ಒಂದೇ ಎಳೆ. ನಡುವಿನ ಆ ಎರಡು ಬೆರಳಗಲ ಮಾತ್ರ ಉಳಿದದ್ದಕ್ಕಿಂತ ಬೆಳ್ಳಗೆ, ಹೊಸದಾಗಿ ಹೊಳೆಯುತ್ತಿತ್ತು.

"ನೋಡು, ಎಷ್ಟು ಗಟ್ಟಿ ಇದೆ" ಅನ್ನುತ್ತ ಮೇಡಂ ಚಿಮಟದಿಂದ ಆ ಜಾಗ ಮೆಲ್ಲಗೆ ಎತ್ತಿದರು.

ಅವನ ಕಿರುಬೆರಳು ಮಡಚಿಕೊಂಡಿತು.

ಮೇಡಂ ಕಣ್ಣು ಗಾಜಿನಲ್ಲಿತ್ತು, ಅವರು ನೋಡಲಿಲ್ಲ. ಇವನು ನೋಡಿದ. ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ಮೇಡಂ ಬೆನ್ನು ತಟ್ಟಿ, ಸುಸ್ತಾಗಿದ್ದೀಯ, ಒಂದು ವಾರ ರಜೆ ಹಾಕು ಅಂದರು. ಪೆಟ್ಟಿಗೆಗೆ ಬೀಗ ಬಿತ್ತು. ಕಳಕ್.

ಅವನು ಆ ವಾರದ ರಜೆ ಮುಗಿಸಿ ಮತ್ತೆ ಹೋಗಲೇ ಇಲ್ಲ. ಈಗ ಒಂದು ಗೋದಾಮಿನಲ್ಲಿ ಬಾಗಿಲು ಕಾಯುತ್ತಾನೆ. ಮಗಳನ್ನು ಎಡಗಡೆಗೆ ಹಾಕಿಕೊಂಡು ನಡೆಯುತ್ತಾನೆ, ಅವಳು ಮರೆತು ಬಲಗಡೆಗೆ ಬಂದರೆ ಗದರುತ್ತಾನೆ. ಡಾಕ್ಟರುಗಳನ್ನು ಬಿಟ್ಟುಬಿಟ್ಟ.

ಸುಳ್ಳು ಅನ್ನುವವರಿಗೆ ನಾನು ಒಂದೇ ಮಾತು ಹೇಳುವುದು. ಹೋದ ತಿಂಗಳು ಅವನ ಮನೆಯಲ್ಲಿ ಮಲಗಿದ್ದೆ. ಬೆಳಗ್ಗೆ ಎದ್ದು ನೋಡಿದರೆ ನೆಲದಿಂದ ಚಾಪೆಯ ಮೇಲೆ ಇರುವೆಯ ಸಾಲು. ಅವನ ಬಲಗೈಯ ಆ ಎರಡು ಬೆರಳಿಗೆ ಮಾತ್ರ ಕಪ್ಪಗೆ ಮುತ್ತಿವೆ. ಅವನು ನಿದ್ದೆ ಮಾಡುತ್ತಿದ್ದ. ಕಚ್ಚಿದ್ದು ಅವನಿಗೆ ಗೊತ್ತಾಗಬೇಕಲ್ಲ. ನಾನೇ ಒರೆಸಿದೆ, ಬೆರಳು ಅಂಟಂಟಾಗಿತ್ತು. ಅವನ ಹೆಂಡತಿ ಗೋಡೆಯ ಕ್ಯಾಲೆಂಡರು ನೋಡಿ, "ನಿನ್ನೆ ಕಾಲೇಜಲ್ಲಿ ಸವರಿರಬೇಕು" ಅಂದಳು, ಅಷ್ಟೆ.

ಈಗ ಚಾಪೆ ಬಿಟ್ಟು ಮಂಚ ತಂದಿದ್ದಾರೆ. ನಾಳೆ ಬೇಕಾದರೆ ನಡೆಯಿರಿ, ತೋರಿಸುತ್ತೇನೆ. ಅದರ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟಿದ್ದಾರೆ.